30 ದಿನ ಅಂದರೆ ಒಂದು ತಿಂಗಳು ಅಲ್ಲ

ಓದುಗರ ಪ್ರಶ್ನೆಗಳಿಗೆ ಉತ್ತರ: ದೂರದ ಪ್ರವಾಸ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ. ಯಾವ ದೇಶದಲ್ಲಿ ಎಷ್ಟು ದಿನ ಇರಬಹುದು? ಪುಣೆ, ಘಾಟ್ಕೋಪರ್, ವಾಸ್ಕೊ, ಡೊಂಬಿವಲಿ, ಎಲ್ಲ ಕಡೆಯಿಂದಲೂ ಅದೇ. ಮೊದಲೆಲ್ಲ ಹತ್ತು ದಿನದ ಟೂರ್ ಬಗ್ಗೆ ಕೇಳುತ್ತಿದ್ದಿರಿ. ಈಗ ಕೆಲಸಕ್ಕೆ ರಜೆ ಹಾಕಿ, ಇಲ್ಲವೇ ನಿವೃತ್ತಿ ಆದ ಮೇಲೆ, ಆರೇಳು ತಿಂಗಳು ದೇಶ ದೇಶ ಸುತ್ತಲು ಹೊರಡುವವರು ಜಾಸ್ತಿಯಾಗಿದ್ದಾರೆ. ನನಗೆ ನಿಜಕ್ಕೂ ಖುಷಿ. ಆದರೆ ಪತ್ರ ಓದುತ್ತಾ ಹೋದ ಹಾಗೆ ಆತಂಕವೂ ಆಯಿತು. ಟಿಕೆಟ್ ಆಗಿದೆ, ಹೋಟೆಲ್ ಆಗಿದೆ, ದಿನ ಮಾತ್ರ ಯಾರೂ ಎಣಿಸಿಲ್ಲ. ಅದನ್ನು ಏಜೆಂಟರಿಗೋ ಗೆಳೆಯರಿಗೋ ಬಿಟ್ಟಿದ್ದೀರಿ. ಹಾಗಾಗಿ ನಾಲ್ಕೇ ಪತ್ರ ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ಉದ್ದವಿದೆ, ದಯವಿಟ್ಟು ಪೂರ್ತಿ ಓದಿ.

ಪ್ರಶ್ನೆ: ಅಕ್ಕಾ, ನಮಸ್ಕಾರ. ನಾವು ಧಾರವಾಡ ಕಡೆಯವರು, ಈಗ ಪುಣೆಯ ವಾಕಡ್‌ನಲ್ಲಿ ಇದ್ದೇವೆ. ಕಂಪನಿಯವರು ನನಗೆ ಒಂದು ವರ್ಷ ಸಂಬಳವಿಲ್ಲದ ರಜೆ ಕೊಟ್ಟಿದ್ದಾರೆ. ಹೆಂಡತಿ ಮನೆಯಿಂದಲೇ ಡಿಸೈನ್ ಕೆಲಸ ಮಾಡುತ್ತಾಳೆ, ಅದನ್ನು ಪ್ರವಾಸದಲ್ಲೂ ಮುಂದುವರಿಸುತ್ತಾಳೆ. ಬರುವ ಜನವರಿಯಲ್ಲಿ ಹೊರಟು ಎಂಟು ತಿಂಗಳು ಥಾಯ್ಲೆಂಡ್, ಮಲೇಷ್ಯಾ, ಬಾಲಿ, ವಿಯೆಟ್ನಾಂ, ಕೊನೆಗೆ ಯುರೋಪು ಅಂತ ಯೋಚನೆ. ಥಾಯ್ಲೆಂಡ್‌ನಲ್ಲಿ 60 ದಿನ ಮುಗಿದ ಮೇಲೆ ಎರಡು ದಿನ ಮಲೇಷ್ಯಾಕ್ಕೆ ಹೋಗಿ ಬಂದರೆ ಮತ್ತೆ 60 ದಿನ ಸಿಗುತ್ತದೆ ಅಂತ ಗೆಳೆಯರು ಹೇಳುತ್ತಾರೆ. ಯುರೋಪಿನಲ್ಲೂ 90 ದಿನ ಆದ ಮೇಲೆ ಒಂದು ದಿನ ಹೊರಗೆ ಹೋಗಿ ಬಂದರೆ ಹೊಸ 90 ಸಿಗುತ್ತದಾ?

ಉತ್ತರ: ತಮ್ಮಾ, ಯುರೋಪಿನದ್ದು ಮೊದಲು ಹೇಳಿಬಿಡುತ್ತೇನೆ. ಸಿಗುವುದಿಲ್ಲ. ಒಂದು ದಿನದ ಮಾತು ಬಿಡಿ, ಒಂದು ತಿಂಗಳು ಹೊರಗಿದ್ದು ಬಂದರೂ ಹೊಸ 90 ಸಿಗುವುದಿಲ್ಲ.

ನಿಮ್ಮ ಗೆಳೆಯರು ಒಂದು ದೇಶದ ಲೆಕ್ಕ ತಂದು ಇನ್ನೊಂದು ದೇಶಕ್ಕೆ ಹಚ್ಚುತ್ತಿದ್ದಾರೆ. ಥಾಯ್ಲೆಂಡ್, ಮಲೇಷ್ಯಾ, ಇಂಡೋನೇಷ್ಯಾದಲ್ಲಿ ಪ್ರತಿ ಸಲ ಒಳಗೆ ಬಂದಾಗ ಎಣಿಕೆ ಒಂದರಿಂದ ಶುರು. ಷೆಂಗೆನ್‌ನಲ್ಲಿ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಕೂಟದಲ್ಲಿ, ಹಾಗಿಲ್ಲ. ಅಲ್ಲಿ 29 ದೇಶಕ್ಕೂ ಸೇರಿ ಒಂದೇ ಖಾತೆ. ಪ್ಯಾರಿಸ್‌ನಲ್ಲಿ ಕಳೆದ ದಿನವೂ ಅದೇ ಖಾತೆಗೆ, ಏಥೆನ್ಸ್‌ನಲ್ಲಿ ಕಳೆದ ದಿನವೂ ಅದೇ ಖಾತೆಗೆ. ಮೊದಲು ಕೆಲವರು ಕ್ರೊಯೇಷ್ಯಾದಲ್ಲೋ ರುಮೇನಿಯಾದಲ್ಲೋ ಕಾಲ ಕಳೆದು ವಾಪಸ್ ಬರುತ್ತಿದ್ದರು. ಕ್ರೊಯೇಷ್ಯಾ 2023ರ ಜನವರಿಯಲ್ಲಿ ಷೆಂಗೆನ್ ಸೇರಿತು. ರುಮೇನಿಯಾ, ಬಲ್ಗೇರಿಯಾ 2025ರ ಜನವರಿಯಿಂದ ಪೂರ್ತಿಯಾಗಿ ಸೇರಿವೆ. ಹಳೆ ಸಲಹೆ ಈಗ ನಡೆಯುವುದಿಲ್ಲ.

ನಿಯಮ ಇಷ್ಟು. ನೀವು ಅಲ್ಲಿರುವ ಯಾವುದೇ ದಿನ ನಿಂತು ಹಿಂದಕ್ಕೆ ನೋಡಿ, ಆ ದಿನವೂ ಸೇರಿ 180 ದಿನ ಎಣಿಸಿ. ಅಷ್ಟರೊಳಗೆ ನೀವು ಷೆಂಗೆನ್‌ನಲ್ಲಿ ಕಳೆದ ದಿನ 90 ದಾಟಿರಬಾರದು. ಇಳಿದ ದಿನವೂ ಒಂದು, ಹೊರಟ ದಿನವೂ ಒಂದು. ರಾತ್ರಿ ಹನ್ನೊಂದೂವರೆಗೆ ಇಳಿದರೂ ಆ ದಿನ ಲೆಕ್ಕಕ್ಕೆ ಬಂತು.

ಬಾಯಲ್ಲಿ ಹೇಳಿದರೆ ತಲೆಗೆ ಹತ್ತುವುದಿಲ್ಲ, ನನಗೂ ಹತ್ತಿರಲಿಲ್ಲ. ನಾನು ಮಾಡುವ ಉಪಾಯ ಹೇಳುತ್ತೇನೆ. ಮಕ್ಕಳ ಗಣಿತದ ಚೌಕಳಿ ಪುಸ್ತಕದ ಹಾಳೆ ತೆಗೆದುಕೊಳ್ಳಿ. ಒಂದು ಚೌಕಕ್ಕೆ ಒಂದು ದಿನದ ಹಾಗೆ, ಇಡೀ ವರ್ಷವನ್ನು ಒಂದೇ ಉದ್ದ ಪಟ್ಟಿ ಮಾಡಿ ಅಂಟಿಸಿ. ಷೆಂಗೆನ್‌ನಲ್ಲಿ ಇರುವ ದಿನಗಳಿಗೆ ಕೆಂಪು ಬಳಿಯಿರಿ. ಆಮೇಲೆ ಸರಿಯಾಗಿ 180 ಚೌಕ ಉದ್ದದ ಇನ್ನೊಂದು ಪಟ್ಟಿ ಕತ್ತರಿಸಿ, ಅದನ್ನು ಮೊದಲನೆಯದರ ಪಕ್ಕದಲ್ಲಿಟ್ಟು ನಿಧಾನಕ್ಕೆ ಮುಂದೆ ಜರುಗಿಸಿ. ಎಲ್ಲಿ ನಿಲ್ಲಿಸಿದರೂ ಆ ಪಟ್ಟಿಯ ಉದ್ದದೊಳಗೆ ಕೆಂಪು ಚೌಕ 90 ದಾಟಬಾರದು. ನಮ್ಮ ಡೈನಿಂಗ್ ಟೇಬಲ್ ಮೇಲೆ ಆ ಪಟ್ಟಿ ಎರಡು ವಾರ ಬಿದ್ದಿತ್ತು. ಒಂದು ಸಂಜೆ ಅದನ್ನು ಜರುಗಿಸುತ್ತಾ ಇದ್ದಾಗ ಹಿಂದಿನ ತುದಿಯಲ್ಲಿ ಒಂದು ಕೆಂಪು ಚೌಕ ಹೊರಗೆ ಬಿತ್ತು, ಮುಂದಿನ ತುದಿಯಲ್ಲಿ ಒಂದಕ್ಕೆ ಜಾಗ ಆಯಿತು. ಆಗ ನನಗೆ ಪೂರ್ತಿ ಅರ್ಥವಾಯಿತು.

ಲೆಕ್ಕ ಹಾಕಿಯೇ ತೋರಿಸುತ್ತೇನೆ. ಜೂನ್ 1ಕ್ಕೆ ಇಳಿದಿರಿ, ಜುಲೈ 30ಕ್ಕೆ ಹೊರಟಿರಿ. 60 ದಿನ ಮುಗಿಯಿತು. ಆಗಸ್ಟ್ ಪೂರ್ತಿ ಸರ್ಬಿಯಾದಲ್ಲೋ ಅಲ್ಬೇನಿಯಾದಲ್ಲೋ ಇದ್ದಿರಿ, ಅವು ಷೆಂಗೆನ್‌ನಲ್ಲಿ ಇಲ್ಲ. ಸೆಪ್ಟೆಂಬರ್ 1ಕ್ಕೆ ವಾಪಸ್ ಬಂದಿರಿ. ಆಗ ಉಳಿದಿರುವುದು 30 ದಿನ ಮಾತ್ರ, ಅಂದರೆ ಸೆಪ್ಟೆಂಬರ್ 30ಕ್ಕೆ ಹೊರಡಲೇಬೇಕು. ಜೂನ್ 1ರ ಕೆಂಪು ಚೌಕ ಪಟ್ಟಿಯಿಂದ ಹೊರಗೆ ಬೀಳುವುದು ನವೆಂಬರ್ 28ಕ್ಕೆ. ಅಲ್ಲಿಯವರೆಗೆ ಒಂದು ದಿನವೂ ಇಲ್ಲ. ಅಲ್ಲಿಂದ ದಿನಕ್ಕೊಂದರಂತೆ ಹಳೆಯದು ಬಿಡುಗಡೆ ಆಗುತ್ತಾ ಬರುತ್ತದೆ. ಯುರೋಪಿಯನ್ ಒಕ್ಕೂಟದ ಜಾಲತಾಣದಲ್ಲೇ ಇದಕ್ಕೆ ಒಂದು ಕ್ಯಾಲ್ಕುಲೇಟರ್ ಇದೆ, ತಾರೀಖು ಹಾಕಿದರೆ ಉತ್ತರ ಬರುತ್ತದೆ. ಆದರೂ ಒಮ್ಮೆ ಕೈಯಾರೆ ಎಣಿಸಿ. ಕೈಯಾರೆ ಎಣಿಸಿದ್ದು ಮರೆಯುವುದಿಲ್ಲ.

ಮೊದಲು ಪಾಸ್‌ಪೋರ್ಟಿನ ಸೀಲು ನೋಡಿ ಅಧಿಕಾರಿ ಎಣಿಸುತ್ತಿದ್ದರು, ಮಸುಕಾದ ಸೀಲು ಕಣ್ತಪ್ಪಿ ಹೋಗುತ್ತಿತ್ತು. 2025ರ ಅಕ್ಟೋಬರ್ 12ರಿಂದ ಅಲ್ಲಿ ಹೊಸ ವ್ಯವಸ್ಥೆ ಬಂದಿದೆ. ಬೆರಳಚ್ಚು, ಮುಖದ ಫೋಟೊ ತೆಗೆದುಕೊಂಡು ಒಳಗೆ ಬಂದದ್ದು, ಹೊರಗೆ ಹೋದದ್ದು ಎರಡನ್ನೂ ಕಂಪ್ಯೂಟರ್ ಬರೆದಿಟ್ಟುಕೊಳ್ಳುತ್ತದೆ. ಒಂದೇ ದಿನ ಹೆಚ್ಚಾದರೂ ಅದಕ್ಕೆ ಗೊತ್ತಾಗುತ್ತದೆ.

ಇನ್ನೊಂದು ಮಾತು, ಬಹಳ ಜನ ಮರೆಯುವಂಥದ್ದು. 90 ಅನ್ನುವುದು ಗರಿಷ್ಠ ಮಿತಿ. ನಮಗೆ ಅಲ್ಲಿಗೆ ವೀಸಾ ಬೇಕೇ ಬೇಕು, ಅದರಲ್ಲಿ ಎಷ್ಟು ದಿನ ಬರೆದಿರುತ್ತಾರೋ ಅಷ್ಟೇ ನಿಮ್ಮದು. ಮೊದಲ ಸಲ ಅರ್ಜಿ ಹಾಕುವವರಿಗೆ ಸಾಮಾನ್ಯವಾಗಿ ಪ್ರವಾಸದ ಪಟ್ಟಿಯಲ್ಲಿ ತೋರಿಸಿದಷ್ಟೇ ದಿನ ಕೊಡುತ್ತಾರೆ. ಸಿಂಗಲ್ ಎಂಟ್ರಿ ಅಂತ ಕೊಟ್ಟರಂತೂ ಸರ್ಬಿಯಾಕ್ಕೆ ಕಾಲಿಟ್ಟ ಕ್ಷಣಕ್ಕೆ ಯುರೋಪಿನ ಬಾಗಿಲು ಮುಚ್ಚಿತು, ದಿನ ಉಳಿದಿದ್ದರೂ ವಾಪಸ್ ಬರುವ ಹಾಗಿಲ್ಲ. ಅರ್ಜಿಯಲ್ಲೇ ಮಲ್ಟಿಪಲ್ ಎಂಟ್ರಿ ಕೇಳಿ, ಯಾಕೆ ಬೇಕು ಅಂತ ಒಂದು ಪುಟ ಬರೆದು ಲಗತ್ತಿಸಿ. ಅಲ್ಬೇನಿಯಾ ಕೂಡ ನಮ್ಮನ್ನು ಬೇರೆ ವೀಸಾ ಇಲ್ಲದೆ ಒಳಗೆ ಬಿಡುವುದು ಷೆಂಗೆನ್, ಬ್ರಿಟನ್ ಅಥವಾ ಅಮೆರಿಕದ ಮಲ್ಟಿಪಲ್ ಎಂಟ್ರಿ ವೀಸಾ ಇದ್ದು, ಅದನ್ನು ಒಮ್ಮೆ ಬಳಸಿದ್ದರೆ ಮಾತ್ರ. ಭಾರತೀಯರಿಗೆ 2024ರ ಏಪ್ರಿಲ್‌ನಲ್ಲಿ ಒಂದು ಅನುಕೂಲ ಮಾಡಿದ್ದಾರೆ. ಹಿಂದಿನ ಮೂರು ವರ್ಷದಲ್ಲಿ ಎರಡು ಷೆಂಗೆನ್ ವೀಸಾ ಪಡೆದು ಸರಿಯಾಗಿ ಬಳಸಿದವರಿಗೆ ಎರಡು ವರ್ಷದ ಮಲ್ಟಿಪಲ್ ಎಂಟ್ರಿ, ಆಮೇಲೆ ಐದು ವರ್ಷದ್ದು. ಅದರಲ್ಲೂ 180ಕ್ಕೆ 90ರ ಲೆಕ್ಕ ಹಾಗೇ ಇರುತ್ತದೆ.

ಈಗ ನಿಮ್ಮ ಪ್ರವಾಸದ ಕ್ರಮ. ನನಗೆ ಹೆಚ್ಚು ಚಿಂತೆ ಆದದ್ದು ಇಲ್ಲೇ. ಷೆಂಗೆನ್ ವೀಸಾಕ್ಕೆ ಪ್ರವಾಸ ಶುರುವಾಗುವ ಆರು ತಿಂಗಳಿಗಿಂತ ಮೊದಲು ಅರ್ಜಿ ಹಾಕುವಂತಿಲ್ಲ. ಸಾಮಾನ್ಯವಾಗಿ ನೀವು ವಾಸವಿರುವ ದೇಶದಲ್ಲೇ ಹಾಕಬೇಕು. ಬ್ಯಾಂಕಾಕ್‌ನಲ್ಲಿ ಪ್ರವಾಸಿಯಾಗಿ ಇದ್ದುಕೊಂಡು 'ಇಲ್ಲಿಂದಲೇ ಯುರೋಪ್ ವೀಸಾ ಮಾಡಿಸುತ್ತೇನೆ' ಅಂದರೆ ಕೆಲಸ ಆಗುವುದು ಕಷ್ಟ. ಜನವರಿಗೆ ಹೊರಡುವವರು ಡಿಸೆಂಬರ್ ಮೊದಲ ವಾರದಲ್ಲಿ ಮುಂಬೈಯಲ್ಲಿ ಅರ್ಜಿ ಹಾಕಿದರೆ, ಯುರೋಪಿಗೆ ಕಾಲಿಡುವ ತಾರೀಖು ಜೂನ್ ಮೊದಲ ವಾರದ ಒಳಗೆ ಇರಬೇಕು. ಪಾಸ್‌ಪೋರ್ಟ್ ಅವರ ಹತ್ತಿರ ಇರುವಷ್ಟು ದಿನ ನೀವು ಬೇರೆ ಎಲ್ಲೂ ಹೋಗುವ ಹಾಗಿಲ್ಲ, ಅದಕ್ಕೂ ಎರಡು ಮೂರು ವಾರ ಇಟ್ಟುಕೊಳ್ಳಿ. ಏಷ್ಯಾ ಮುಗಿಸಿ ಮೇ ತಿಂಗಳಲ್ಲಿ ಊರಿಗೆ ಬನ್ನಿ. ಆಪೂಸ್ ಮಾವು ತಿಂದು, ಬಟ್ಟೆ ಬದಲಾಯಿಸಿ, ಅಪ್ಪ ಅಮ್ಮನನ್ನು ನೋಡಿಕೊಂಡು ಯುರೋಪಿಗೆ ಹೊರಡಿ. ಖರ್ಚು ಸ್ವಲ್ಪ ಜಾಸ್ತಿ, ಆದರೆ ಎಂಟು ತಿಂಗಳು ಒಂದೇ ಸಮ ತಿರುಗುವುದು ಶರೀರಕ್ಕೂ ಒಳ್ಳೆಯದಲ್ಲ.

ಥಾಯ್ಲೆಂಡ್‌ಗೆ ಬರೋಣ. ಬಹಳ ವರ್ಷ ನಮಗೆ ಅಲ್ಲಿ ಇಳಿದ ಮೇಲೆ 15 ದಿನದ ವೀಸಾ ಕೊಡುತ್ತಿದ್ದರು. 2023ರ ನವೆಂಬರ್‌ನಲ್ಲಿ ವೀಸಾ ಬೇಡ, 30 ದಿನ ಅಂದರು. 2024ರ ಜುಲೈ 15ರಿಂದ 60 ದಿನ ಮಾಡಿದರು. ಇದನ್ನು ಮತ್ತೆ ಕಡಿಮೆ ಮಾಡುವ ಮಾತೂ ಅಲ್ಲಿ ಎದ್ದಿದೆ. ಹಾಗಾಗಿ ಟಿಕೆಟ್ ಮಾಡುವ ವಾರ ಅವರ ರಾಯಭಾರ ಕಚೇರಿಯ ಪುಟ ತೆರೆದು ನೋಡಲೇಬೇಕು. ಮಲೇಷ್ಯಾ 30 ದಿನ ವೀಸಾ ಇಲ್ಲದೆ ಬಿಡುತ್ತದೆ, ಆದರೆ ಆ ವಿನಾಯಿತಿಗೆ ಹಾಕಿದ ಗಡುವು 2026ರ ಡಿಸೆಂಬರ್ 31. ನೀವು ಹೋಗುವ ಹೊತ್ತಿಗೆ ಅದು ಚಾಲ್ತಿಯಲ್ಲಿ ಇರುತ್ತದಾ, ಅದನ್ನೂ ನೋಡಿಕೊಳ್ಳಿ. ಸರ್ಬಿಯಾ ನಮಗೆ ವೀಸಾ ಇಲ್ಲದೆ 30 ದಿನ ಕೊಡುತ್ತಿತ್ತು, 2023ರ ಜನವರಿ 1ರಿಂದ ನಿಲ್ಲಿಸಿತು. ಈಗ ಷೆಂಗೆನ್, ಬ್ರಿಟನ್ ಅಥವಾ ಅಮೆರಿಕದ ವೀಸಾ ಚಾಲ್ತಿಯಲ್ಲಿ ಇದ್ದರೆ ಮಾತ್ರ ನೇರ ಪ್ರವೇಶ. ನೆರೆಮನೆಯವರು ಎರಡು ವರ್ಷದ ಹಿಂದೆ ಹೋಗಿ ಬಂದ ಅನುಭವ ಇವತ್ತಿಗೆ ಆಗಿಬರುವುದಿಲ್ಲ ಅನ್ನುವುದು ಇದಕ್ಕೇ.

ಗಡಿ ದಾಟಿ ವಾಪಸ್ ಬರುವುದಕ್ಕೆ ಪ್ರವಾಸಿಗರು 'ವೀಸಾ ರನ್' ಅನ್ನುತ್ತಾರೆ. ಥಾಯ್ಲೆಂಡ್‌ನಲ್ಲಿ ರಸ್ತೆ ಮೂಲಕ ಹಾಗೆ ವೀಸಾ ಇಲ್ಲದೆ ಬರುವುದು ಒಂದು ಕ್ಯಾಲೆಂಡರ್ ವರ್ಷದಲ್ಲಿ ಎರಡು ಸಲ ಮಾತ್ರ. ವಿಮಾನದಲ್ಲಿ ಬಂದರೂ ಎದುರಿಗೆ ಕೂತ ಅಧಿಕಾರಿ ಪಾಸ್‌ಪೋರ್ಟ್ ಹಾಳೆ ತಿರುವಿ ನೋಡುತ್ತಾರೆ. ಎರಡು ತಿಂಗಳು ಇದ್ದು, ಎರಡು ದಿನ ಹೊರಗೆ ಹೋಗಿ, ಮತ್ತೆ ಎರಡು ತಿಂಗಳು ಕೇಳಿದರೆ 'ಇವರು ಪ್ರವಾಸಿಗರಾ, ಇಲ್ಲೇ ವಾಸಕ್ಕೆ ಬಂದವರಾ' ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಒಳಗೆ ಬಿಡುವುದು ಬಿಡದಿರುವುದು ಅವರ ಅಧಿಕಾರ. ನೀವು ಹಾಗೆ ಮಾಡಬೇಡಿ. ಅಗತ್ಯವೂ ಇಲ್ಲ. ಅಲ್ಲಿನ ಇಮಿಗ್ರೇಷನ್ ಕಚೇರಿಗೆ ಹೋಗಿ 1,900 ಬಾತ್ ಕಟ್ಟಿ ಅರ್ಜಿ ಹಾಕಿದರೆ ಇನ್ನೂ 30 ದಿನ ಮುಂದುವರಿಸಿ ಕೊಡುತ್ತಾರೆ. ರಾಜಮಾರ್ಗ ಇರುವಾಗ ಗಡಿಯಲ್ಲಿ ಹೋಗಿ ಯಾಕೆ ಎದೆ ಬಡಿದುಕೊಳ್ಳಬೇಕು, ಅಲ್ವಾ? ಹೋಗುವ ಮೂರು ದಿನದ ಒಳಗೆ ಅವರ ಡಿಜಿಟಲ್ ಅರೈವಲ್ ಕಾರ್ಡ್ ತುಂಬುವುದನ್ನು ಮರೆಯಬೇಡಿ. 2025ರ ಮೇ 1ರಿಂದ ಅದು ಕಡ್ಡಾಯ, ದುಡ್ಡು ಕೊಡಬೇಕಾಗಿಲ್ಲ. ಮಲೇಷ್ಯಾಕ್ಕೂ ಅಂಥದ್ದೇ ಒಂದು ಇದೆ.

ನಿಮ್ಮ ಹೆಂಡತಿಯ ವಿಷಯ. ಪ್ರವಾಸಿಯಾಗಿ ಒಳಗೆ ಬಂದು ಲ್ಯಾಪ್‌ಟಾಪ್ ಬಿಚ್ಚಿ ಸಂಬಳದ ಕೆಲಸ ಮಾಡುವುದನ್ನು ಎಷ್ಟೋ ಜನ ಸಣ್ಣದು ಅಂದುಕೊಳ್ಳುತ್ತಾರೆ. ಇಮಿಗ್ರೇಷನ್‌ನಲ್ಲಿ ಕೇಳಿದಾಗ ಸುಳ್ಳು ಹೇಳಬೇಕಾಗಿ ಬರುತ್ತದೆ, ನನಗೆ ಅದು ಇಷ್ಟವಿಲ್ಲ. ಥಾಯ್ಲೆಂಡ್ 2024ರ ಜುಲೈನಲ್ಲಿ ಇಂಥವರಿಗಾಗಿಯೇ ಡಿಟಿವಿ ಅನ್ನುವ ವೀಸಾ ತಂದಿದೆ. ಐದು ವರ್ಷದ ವಾಯಿದೆ, ಪ್ರತಿ ಸಲ ಹೋದಾಗ 180 ದಿನ ಇರಬಹುದು. ಖಾತೆಯಲ್ಲಿ 5 ಲಕ್ಷ ಬಾತ್ ತೋರಿಸಬೇಕು, ಅದು ದೊಡ್ಡ ಮೊತ್ತ. ಮಲೇಷ್ಯಾದಲ್ಲಿ ಡಿ ರಾಂಟಾವ್ ಪಾಸ್ ಇದೆ, ಮೂರರಿಂದ ಹನ್ನೆರಡು ತಿಂಗಳದ್ದು. ನಿಮ್ಮ ಜಾಗದಲ್ಲಿ ನಾನಿದ್ದರೆ ಇದರಲ್ಲಿ ಒಂದನ್ನು ಮಾಡಿಸಿ, ಒಂದೇ ಊರಿನಲ್ಲಿ ಮೂರು ತಿಂಗಳು ಮನೆ ಹಿಡಿದು ಇರುತ್ತಿದ್ದೆ.

ವಿಯೆಟ್ನಾಂದು ಮತ್ತೊಂದು ತರಹ. 2023ರ ಆಗಸ್ಟ್‌ನಿಂದ 90 ದಿನದ ಇ-ವೀಸಾ ಕೊಡುತ್ತಾರೆ, ಸಿಂಗಲ್ ಎಂಟ್ರಿಗೆ 25 ಡಾಲರ್, ಮಲ್ಟಿಪಲ್‌ಗೆ 50. ಆದರೆ ಆ ಕಾಗದದ ಮೇಲೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಬರೆದಿರುತ್ತದೆ. ನೀವು ಹದಿನೈದು ದಿನ ತಡವಾಗಿ ಹೋದರೆ ಹದಿನೈದು ದಿನ ಹೋಯಿತು ಅಂತಲೇ ಅರ್ಥ, ಕೊನೆಯ ತಾರೀಖು ಮುಂದೆ ಹೋಗುವುದಿಲ್ಲ.

ಬಾಲಿ ಬಗ್ಗೆ ನನ್ನದೇ ಅನುಭವ ಹೇಳಬೇಕು, ಈ ಅಂಕಣದ ತಲೆಬರಹ ಬಂದದ್ದು ಅಲ್ಲಿಂದ. ನಾನೂ ಯಜಮಾನರೂ ಒಂದು ಡಿಸೆಂಬರ್ 15ಕ್ಕೆ ಅಲ್ಲಿ ಇಳಿದೆವು. ಇಳಿದ ಮೇಲೆ ಕೊಡುವ ವೀಸಾ 30 ದಿನದ್ದು, ಒಬ್ಬರಿಗೆ 5 ಲಕ್ಷ ರುಪಿಯಾ, ಅದು ಇಂಡೋನೇಷ್ಯಾದ ದುಡ್ಡು. ಒಂದು ತಿಂಗಳು ಅಂದುಕೊಂಡು ಜನವರಿ 15ಕ್ಕೆ ವಾಪಸ್ ಟಿಕೆಟ್ ಮಾಡಿದ್ದೆವು. ಟಿಕೆಟ್ ಮಾಡಿಕೊಟ್ಟ ಏಜೆಂಟ್ ಕೂಡ 'ಸರಿಯಾಗಿದೆ' ಅಂದಿದ್ದರು. ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಪಾಸ್‌ಪೋರ್ಟ್ ನೋಡಿದರು, ಮೇಜಿನ ಮೇಲಿದ್ದ ಸಣ್ಣ ಕ್ಯಾಲೆಂಡರ್ ನಮ್ಮ ಕಡೆ ತಿರುಗಿಸಿ ಪೆನ್ನಿನ ತುದಿ ಇಟ್ಟು ಒಂದೊಂದೇ ದಿನ ತೋರಿಸಿದರು. ಇಳಿದ ದಿನವೇ ಒಂದು. ಡಿಸೆಂಬರ್‌ಗೆ 17 ದಿನ ಹೋಯಿತು. ಉಳಿದದ್ದು 13. ಜನವರಿ 13ಕ್ಕೇ ಮುಗಿದಿತ್ತು. ದಿನಕ್ಕೆ ಒಬ್ಬರಿಗೆ 10 ಲಕ್ಷ ರುಪಿಯಾ ದಂಡ. ಎರಡು ದಿನ, ಇಬ್ಬರು, ಒಟ್ಟು 40 ಲಕ್ಷ ರುಪಿಯಾ. ನಮ್ಮ ಲೆಕ್ಕದಲ್ಲಿ 20 ಸಾವಿರ ರೂಪಾಯಿಗೂ ಮೇಲೆ. ಅವರು ಒಂದು ಮಾತೂ ಜೋರಾಗಿ ಆಡಲಿಲ್ಲ, ರಸೀದಿ ಕೊಟ್ಟರು, ಸೀಲು ಹಾಕಿದರು. ಯಜಮಾನರು ವಿಮಾನದಲ್ಲಿ ಕೂತ ಮೇಲೂ ಬೆರಳು ಮಡಚಿ ಎಣಿಸುತ್ತಲೇ ಇದ್ದರು. ಅಲ್ಲಿ 30 ದಿನದ ಮೇಲೆ ಇನ್ನೊಂದು 30 ದಿನಕ್ಕೆ ಮುಂದುವರಿಸಿಕೊಳ್ಳುವ ಅವಕಾಶ ಇದೆ, ಒಂದೇ ಸಲ. ನೀವು ಜಾಸ್ತಿ ದಿನ ಇರುವವರಾದರೆ ಮೊದಲ ಎರಡು ವಾರದಲ್ಲೇ ಅದರ ಕೆಲಸ ಶುರು ಮಾಡಿ. ಇಲ್ಲದಿದ್ದರೆ ಎಲ್ಲ ದೇಶದಲ್ಲೂ ಕೊನೆಯ ದಿನಕ್ಕಿಂತ ಮೂರು ದಿನ ಮೊದಲೇ ಹೊರಡುವ ಹಾಗೆ ಟಿಕೆಟ್ ಮಾಡಿ. ವಿಮಾನ ರದ್ದಾಗುತ್ತದೆ, ಜ್ವರ ಬರುತ್ತದೆ, ಜ್ವಾಲಾಮುಖಿಯ ಬೂದಿಗೆ ಬಾಲಿಯ ನಿಲ್ದಾಣ ಮುಚ್ಚಿದ್ದೂ ಇದೆ. ಆ ಮೂರು ದಿನ ಅದಕ್ಕೆ.

ಮುಂಬೈಯಿಂದ ಹೊರಡುವಾಗ ಮೊದಲ ಪರೀಕ್ಷೆ ನಡೆಯುವುದು ಚೆಕ್-ಇನ್ ಕೌಂಟರ್‌ನಲ್ಲೇ. ಅಲ್ಲಿಂದ ಮುಂದೆ ಎಲ್ಲಿಗೆ, ಟಿಕೆಟ್ ತೋರಿಸಿ ಅನ್ನುತ್ತಾರೆ. ಆ ದೇಶ ನಿಮ್ಮನ್ನು ಒಳಗೆ ಬಿಡದಿದ್ದರೆ ವಾಪಸ್ ಕರೆತರುವ ಹೊಣೆ ಏರ್‌ಲೈನ್ಸಿನದ್ದು, ಅದಕ್ಕೆ ಅವರಿಗೆ ಅಷ್ಟು ಕಾಳಜಿ. ರಾತ್ರಿ ಎರಡು ಗಂಟೆಗೆ ಸಾಲಿನಲ್ಲಿ ನಿಂತು, ಹಿಂದಿನವರು ಗೊಣಗುತ್ತಿರುವಾಗ, ಮೊಬೈಲ್‌ನಲ್ಲಿ ಅವಸರದಿಂದ ಟಿಕೆಟ್ ಹುಡುಕುವ ಪಾಡು ಬೇಡ. ಪ್ರಿಂಟ್ ತೆಗೆದು ಇಟ್ಟುಕೊಳ್ಳಿ. ಪಾಸ್‌ಪೋರ್ಟ್ ಹೊಸದು ಮಾಡಿಸುವುದಿದ್ದರೆ 60 ಪುಟದ್ದೇ ಮಾಡಿಸಿ, 36 ಪುಟದ್ದಕ್ಕೆ 1,500 ರೂಪಾಯಿ ಆದರೆ ಇದಕ್ಕೆ 2,000. ಷೆಂಗೆನ್ ಒಂದಕ್ಕೇ ಎರಡು ಖಾಲಿ ಪುಟ ಕೇಳುತ್ತಾರೆ. ವಾಯಿದೆ ಪ್ರವಾಸದ ಕೊನೆಯ ದಿನದ ಮೇಲೆ ಆರು ತಿಂಗಳಾದರೂ ಉಳಿದಿರಲಿ.

ಪ್ರಶ್ನೆ: ಅಕ್ಕಾ, ನನ್ನ ಮಗಳು ನ್ಯೂಜೆರ್ಸಿಯಲ್ಲಿದ್ದಾಳೆ. ಚೊಚ್ಚಲು ಹೆರಿಗೆ, ಬಾಣಂತನಕ್ಕೆ ನಾನೇ ಹೋಗಬೇಕು. 10 ವರ್ಷದ ವೀಸಾ ಸಿಕ್ಕಿದೆ. ಮಗುವಿಗೆ ವರ್ಷ ತುಂಬುವವರೆಗೂ ಇರಬಹುದಲ್ವಾ? ಅಳಿಯಂದಿರು, 'ಆರು ತಿಂಗಳಿಗೆ ಒಮ್ಮೆ ಕೆನಡಾಕ್ಕೆ ಹೋಗಿ ಬಂದರೆ ಆಯಿತು' ಅನ್ನುತ್ತಾರೆ. (ಘಾಟ್ಕೋಪರ್‌ನಿಂದ ಒಬ್ಬ ತಾಯಿ)

ಉತ್ತರ: ಅಮ್ಮಾ, ಮೊದಲು ಶುಭಾಶಯ. ಎಲ್ಲ ಸುಸೂತ್ರ ಆಗಲಿ.

ಆ 10 ವರ್ಷ ಅನ್ನುವುದು ಬಾಗಿಲು ತಟ್ಟಲು ಇರುವ ಅನುಮತಿ. ಮನೆಯೊಳಗೆ ಎಷ್ಟು ದಿನ ಅನ್ನುವುದನ್ನು ನೀವು ಇಳಿದ ದಿನ ಅಲ್ಲಿನ ಅಧಿಕಾರಿ ನಿರ್ಧರಿಸುತ್ತಾರೆ. ಸಾಮಾನ್ಯವಾಗಿ ಆರು ತಿಂಗಳು. ಅದು ಐ-94 ಅನ್ನುವ ದಾಖಲೆಯಲ್ಲಿ ಇರುತ್ತದೆ, ಆನ್‌ಲೈನ್‌ನಲ್ಲೇ ಸಿಗುತ್ತದೆ. ಮನೆ ತಲುಪಿದ ಮರುದಿನವೇ ಮಗಳ ಹತ್ತಿರ ಅದನ್ನು ತೆಗೆಸಿ, ಹೆಸರು, ಪಾಸ್‌ಪೋರ್ಟ್ ನಂಬರ್, ಕೊನೆಯ ತಾರೀಖು ಮೂರೂ ಸರಿ ಇದೆಯಾ ನೋಡಿಸಿ. ಆ ತಾರೀಖನ್ನು ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ. ಅದನ್ನು ದಾಟಿ ಉಳಿದರೆ ನಿಮ್ಮ 10 ವರ್ಷದ ವೀಸಾ ತಾನಾಗಿಯೇ ರದ್ದಾಗುತ್ತದೆ. 180 ದಿನಕ್ಕಿಂತ ಹೆಚ್ಚು ದಾಟಿ ಹೊರಬಿದ್ದರೆ ಮೂರು ವರ್ಷ ಆ ಕಡೆ ಹೋಗುವ ಹಾಗಿಲ್ಲ. ಎರಡನೇ ಮೊಮ್ಮಗುವಿನ ಹೊತ್ತಿಗೆ ನೀವು ಹೋಗದ ಹಾಗಾಗಬಾರದು.

ಅಳಿಯಂದಿರ ಉಪಾಯ ಬೇಡ. ಕೆನಡಾಕ್ಕೆ ನಮಗೆ ಬೇರೆಯೇ ವೀಸಾ ಬೇಕು. ಅದು ಇದ್ದು, ನಾಲ್ಕು ದಿನ ನಯಾಗರಾ ನೋಡಿ ಬಂದರೂ ಹಳೆಯ ಐ-94 ತಾರೀಖೇ ಮುಂದುವರಿಯುವುದು ಸಾಮಾನ್ಯ. ನಿಜವಾಗಿಯೂ ಜಾಸ್ತಿ ದಿನ ಇರಬೇಕಾಗಿ ಬಂದರೆ, ಮಗಳಿಗೆ ಆರೋಗ್ಯ ಸರಿ ಇಲ್ಲ ಅನ್ನುವಂಥ ಕಾರಣ ಇದ್ದರೆ, ಆ ತಾರೀಖು ಮುಗಿಯುವ ಮೊದಲೇ ಐ-539 ಅನ್ನುವ ಅರ್ಜಿ ಹಾಕಿ ಕೇಳಬಹುದು.

ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಸರದಿ ಮಾಡಿಕೊಳ್ಳುತ್ತಾರೆ, ನನಗೆ ಅದೇ ಸರಿ ಅನ್ನಿಸುತ್ತದೆ. ಹೆರಿಗೆಗೆ ಮೂರು ವಾರ ಮೊದಲು ನೀವು ಹೋಗಿ, ಬಾಣಂತನ ಮುಗಿಸಿ, ಐದು ತಿಂಗಳಿಗೆ ಹೊರಡಿ. ಆಮೇಲೆ ನಿಮ್ಮ ಬೀಗಿತ್ತಿ ಬರಲಿ. ಮಗುವಿಗೆ ಇಬ್ಬರು ಅಜ್ಜಿಯರ ಕೈಯೂ ಸಿಗುತ್ತದೆ. ಅಧಿಕಾರಿ ಯಾಕೆ ಬಂದಿರಿ ಅಂತ ಕೇಳಿದರೆ ಮಗಳ ಹೆರಿಗೆ, ಮೊಮ್ಮಗುವನ್ನು ನೋಡಲು ಬಂದೆ, ಇಂಥ ದಿನ ವಾಪಸ್ ಅಂತ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಇಂಗ್ಲಿಷ್ ಬರದಿದ್ದರೆ ಹೆದರಬೇಡಿ, ಕನ್ನಡ ಬಲ್ಲವರು ಬೇಕು ಅಂತ ಕೇಳಬಹುದು. ವಾಪಸ್ ಟಿಕೆಟ್ ಕೈಯಲ್ಲಿರಲಿ. ಪ್ರಯಾಣದ ವಿಮೆ ಮಾಡಿಸದೆ ಮಾತ್ರ ಹೊರಡಬೇಡಿ.

ಪ್ರಶ್ನೆ: ನಾನು ವಾಸ್ಕೊದಲ್ಲಿರುವ ನಿವೃತ್ತ ಶಿಕ್ಷಕ. 25 ದಿನಕ್ಕೆ ಷೆಂಗೆನ್ ವೀಸಾ ಕೇಳಿದ್ದೆ. ಸ್ಟಿಕರ್ ಮೇಲಿನ ಎರಡು ತಾರೀಖುಗಳ ನಡುವೆ ಲೆಕ್ಕ ಹಾಕಿದರೆ 40 ದಿನ ಬರುತ್ತದೆ. ಹಾಗಾದರೆ 40 ದಿನ ಇರಬಹುದೇ?

ಉತ್ತರ: ಇಲ್ಲ ಸರ್. ಸ್ಟಿಕರ್ ಮೇಲೆ ಮೂರು ಜಾಗ ನೋಡಬೇಕು. 'ಫ್ರಮ್' ಮತ್ತು 'ಅನ್‌ಟಿಲ್' ಪಕ್ಕದಲ್ಲಿ ಇರುವುದು ವೀಸಾದ ವಾಯಿದೆ, ಅಷ್ಟರೊಳಗೆ ಹೋಗಿ ಬಂದು ಮುಗಿಸಬೇಕು. ಅದರ ಹತ್ತಿರವೇ 'ಡ್ಯುರೇಶನ್ ಆಫ್ ಸ್ಟೇ' ಅಂತ ಒಂದು ಸಣ್ಣ ಸಂಖ್ಯೆ ಇರುತ್ತದೆ. ನಿಮ್ಮದರಲ್ಲಿ 25 ಇರಬೇಕು, ಇರಬಹುದಾದದ್ದು ಅಷ್ಟೇ. ವಿಮಾನ ಹಿಂದೆ ಮುಂದೆ ಆದರೆ ತೊಂದರೆ ಆಗದಿರಲಿ ಅಂತ ವಾಯಿದೆಗೆ 15 ದಿನ ಹೆಚ್ಚು ಸೇರಿಸಿ ಕೊಡುತ್ತಾರೆ. 25ಕ್ಕೆ 15 ಸೇರಿ ನಿಮ್ಮ 40 ಬಂದಿದೆ. ಹೊರಡುವ ತಾರೀಖು ಒಂದು ವಾರ ಮುಂದೆ ಹಾಕಬೇಕಾಗಿ ಬಂದರೆ ಈ 15 ದಿನ ಉಪಯೋಗಕ್ಕೆ ಬರುತ್ತದೆ. ಇಳಿದ ದಿನದಿಂದ ಮಾತ್ರ 25 ಎಣಿಸಿ.

ಪ್ರಶ್ನೆ: ಅಕ್ಕಾ, ನಾವು ಕುಂದಾಪುರ ಕಡೆಯವರು, ಡೊಂಬಿವಲಿಯಲ್ಲಿ ಹೋಟೆಲ್ ಇದೆ. ಈಗ ತಮ್ಮ ನೋಡಿಕೊಳ್ಳುತ್ತಾನೆ, ನಾನು ನಾಲ್ಕು ತಿಂಗಳು ಥಾಯ್ಲೆಂಡ್, ಲಾವೋಸ್ ಕಡೆ ಹೋಗುವವನಿದ್ದೇನೆ. ಅಮ್ಮನಿಗೆ 68. 'ನನ್ನನ್ನೂ ಒಂದು ಕಡೆ ಕರೆದುಕೊಂಡು ಹೋಗು' ಅನ್ನುತ್ತಾರೆ. ಅವರಿಗೆ ಪಾಸ್‌ಪೋರ್ಟ್ ಇಲ್ಲ, ಮಾಡಿಸಲು ಸಮಯವೂ ಇಲ್ಲ. ಏನು ಮಾಡಲಿ?

ಉತ್ತರ: ನೇಪಾಳಕ್ಕೆ ಕರೆದುಕೊಂಡು ಹೋಗಿ. 1950ರ ಒಪ್ಪಂದದಿಂದ ನಮಗೆ ಅಲ್ಲಿ ವೀಸಾ ಇಲ್ಲ, ಇಷ್ಟೇ ದಿನ ಅನ್ನುವ ಮಿತಿಯೂ ಇಲ್ಲ. ನಾಲ್ಕು ತಿಂಗಳು ದಿನ ಎಣಿಸಿ ಎಣಿಸಿ ಸುಸ್ತಾದವನಿಗೆ ಅದು ದೊಡ್ಡ ಆರಾಮ. ನಿಮ್ಮ ಪ್ರವಾಸ ಮುಗಿದ ಮೇಲೆ ಬ್ಯಾಂಕಾಕ್‌ನಿಂದ ನೀವು ನೇರ ಕಾಠ್ಮಂಡುವಿಗೆ ಬನ್ನಿ, ತಮ್ಮ ಅಮ್ಮನನ್ನು ಮುಂಬೈಯಿಂದ ಕರೆತರಲಿ. ಹೋಟೆಲ್ ಬಿಟ್ಟು ಅವನು ಜಾಸ್ತಿ ದಿನ ಇರಲು ಆಗದು, ನಿಮ್ಮ ಕೈಗೆ ಒಪ್ಪಿಸಿ ಎರಡನೇ ದಿನ ವಾಪಸ್ ಹೊರಡಬಹುದು. ಭೂತಾನ್‌ಗೂ ವೀಸಾ ಬೇಡ, ಆದರೆ ಅಲ್ಲಿ ಪರ್ಮಿಟ್ ಮಾಡಿಸಿ ಒಬ್ಬರಿಗೆ ರಾತ್ರಿಗೆ 1,200 ರೂಪಾಯಿ ಶುಲ್ಕ ಕಟ್ಟಬೇಕು. ಅಮ್ಮನ ಜತೆ ನಿಧಾನವಾಗಿ ಇರುವವರಿಗೆ ನೇಪಾಳವೇ ಸರಿ.

ಅಮ್ಮನಿಗೆ ಇನ್ನೊಂದು ಖುಷಿ ಇದೆ, ಮೊದಲೇ ಹೇಳಿಬಿಡಿ. ಪಶುಪತಿನಾಥ ದೇವಸ್ಥಾನದ ಮುಖ್ಯ ಅರ್ಚಕರು ಪರಂಪರೆಯಿಂದ ನಮ್ಮ ಕರ್ನಾಟಕದ ಭಟ್ಟರು. ಅಷ್ಟು ದೂರದ ಊರಿನ ಗರ್ಭಗುಡಿಯಲ್ಲಿ ನಮ್ಮ ಕಡೆಯವರು ಪೂಜೆ ಮಾಡುವುದನ್ನು ನೋಡಿದಾಗ ನನಗೆ ಕಣ್ಣು ತುಂಬಿ ಬಂದಿತ್ತು. ಬೆಳಿಗ್ಗೆ ಬೇಗ ಹೋಗಿ, ಮೆಟ್ಟಿಲು ಇದೆ, ಅಮ್ಮನ ಕೈ ಹಿಡಿದುಕೊಳ್ಳಿ.

ಕಾಗದಪತ್ರದ ವಿಷಯ. ತಮ್ಮನಿಗೆ ಪಾಸ್‌ಪೋರ್ಟ್ ಇಲ್ಲವೇ ಮತದಾರರ ಗುರುತಿನ ಚೀಟಿ ಬೇಕು, ಅವನ ವಯಸ್ಸಿಗೆ ಆಧಾರ್ ಮಾತ್ರ ಸಾಲದು. 65 ದಾಟಿದವರಿಗೆ ಸ್ವಲ್ಪ ಸಡಿಲ ಇದೆ, ಫೋಟೊ ಇರುವ ಬೇರೆ ಸರಕಾರಿ ಗುರುತಿನ ಚೀಟಿಯೂ ನಡೆಯುತ್ತದೆ. ಆದರೂ ಅಮ್ಮನ ಮತದಾರರ ಚೀಟಿಯನ್ನೇ ಹುಡುಕಿ ಇಟ್ಟುಕೊಳ್ಳಿ. ಊರಿನ ವಿಳಾಸದ್ದಾದರೂ ಪರವಾಗಿಲ್ಲ, ಫೋಟೊ ಅಳಿಸಿರಬಾರದು. ಮೂಲ ಚೀಟಿಯೇ ಬೇಕು, ಜೆರಾಕ್ಸ್ ಕೊಟ್ಟರೆ ಮುಂಬೈಯ ಕೌಂಟರ್‌ನಲ್ಲೇ ನಿಲ್ಲಿಸುತ್ತಾರೆ.